ಬೋರ್ಡಿನ ಮೇಲಕ್ಕೆ ನೋಡಿ: ಬೆಂಗಳೂರಿನ ಬೀದಿ, ಅಂಗಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ, ಅಂಗಡಿಗಳ ಬಾಗಿಲು ತೆರೆಯುವ ಮೊದಲು, ನೆಂಟರನ್ನೋ ಗೆಳೆಯರನ್ನೋ ಪೇಟೆ ಬೀದಿಗಳಲ್ಲಿ ಸುತ್ತಾಡಿಸುವುದು ನನ್ನ ಹಳೆಯ ಚಾಳಿ. ಹಾಗೆ ಬಂದವರು ನಡೆಯುತ್ತ ಕೇಳಿದ, ಊರಿಗೆ ಹೋದ ಮೇಲೆ ಪತ್ರ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾಗುವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ಜಿಗುಟು.

## ಮೊದಲ ಸುತ್ತು

ಬೆಂಗಳೂರಿನ ಅತ್ಯಂತ ಹಳೆಯ ಅಂಗಡಿ ಬೀದಿ ಯಾವುದು?

ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿ ಊರು ಹೂಡಿದಾಗ ಒಂದು ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ ಬೀದಿಗಳ ಗೆರೆ ಎಳೆಸಿದರು ಎಂಬುದು ಪ್ರತೀತಿ. ತೆಂಕಣ ಬಡಗಣವಾಗಿ ಹೋದದ್ದು ದೊಡ್ಡಪೇಟೆ, ಮೂಡಣ ಪಡುವಣವಾಗಿ ಹೋದದ್ದು ಚಿಕ್ಕಪೇಟೆ. ದೊಡ್ಡಪೇಟೆಗೆ ಬ್ರಿಟಿಷರ ಕಾಲದಲ್ಲಿ ಅವೆನ್ಯೂ ರಸ್ತೆ ಎಂಬ ಹೆಸರು ಬಂತು, ಚಿಕ್ಕಪೇಟೆ ಚಿಕ್ಕಪೇಟೆಯಾಗಿಯೇ ಉಳಿಯಿತು. ನೇಗಿಲಿನ ಕಥೆಯನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಎರಡು ಬೀದಿಗಳು ಸೇರುವ ಚೌಕದಲ್ಲಿ ನಿಂತರೆ ನಾಲ್ಕೂ ಕಡೆ ಅಂಗಡಿಯೇ ಕಾಣುತ್ತದೆ. ಸುಮಾರು ಐದು ಶತಮಾನ ಆ ಜಾಗ ಬೇರೆ ಕೆಲಸ ಮಾಡಿದ್ದೇ ಇಲ್ಲ.

ಬಳೇಪೇಟೆಯಲ್ಲಿ ಬಳೆ, ಅಕ್ಕಿಪೇಟೆಯಲ್ಲಿ ಅಕ್ಕಿ ಈಗಲೂ ಸಿಗುತ್ತದೆಯೇ?

ಹೆಸರನ್ನು ನಂಬಿ ಚೀಲ ಹಿಡಿದು ಹೋಗಬೇಡಿ. ಪೇಟೆಯ ಹೆಸರುಗಳು ಕಸುಬಿನಿಂದ ಬಂದವು: ಕುಂಬಾರಪೇಟೆ, ಗಾಣಿಗರಪೇಟೆ, ರಾಗಿಪೇಟೆ, ಅರಳೆಪೇಟೆ. ಇವತ್ತು ಬಳೇಪೇಟೆ ಎಂದರೆ ವೀಣೆ, ತಬಲ, ಹಾರ್ಮೋನಿಯಂ ಮಾರುವವರ ಬೀದಿ. ದವಸಧಾನ್ಯದ ಸಗಟು ವ್ಯಾಪಾರ ಬಹುಮಟ್ಟಿಗೆ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಯಿತು.

ಬದಲಾಗದೆ ಉಳಿದಿರುವುದು ಒಂದೇ ಸರಕಿನ ಅಂಗಡಿಗಳು ಸಾಲಾಗಿ ಕೂರುವ ರೂಢಿ. ಎಸ್.ಪಿ. ರಸ್ತೆಯನ್ನು ನೋಡಿ. ವಾಹನದ ಬಿಡಿಭಾಗ, ಕಬ್ಬಿಣದ ಸಾಮಾನು ಮಾರುತ್ತಿದ್ದ ಬೀದಿ, ಒಂದು ತಲೆಮಾರಿನೊಳಗೆ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ಬೀದಿಯಾಯಿತು. ಸರಕು ಹೊಸದು, ವ್ಯಾಪಾರದ ವ್ಯಾಕರಣ ಹಳೆಯದು. ನಿಮಗೆ ಬೇಕಾದ ಕೇಬಲ್ ತನ್ನಲ್ಲಿಲ್ಲದಿದ್ದರೆ ಅಂಗಡಿಯವನು ಹುಡುಗನನ್ನು ಓಡಿಸಿ ನಾಲ್ಕನೆಯ ಮಳಿಗೆಯಿಂದ ತರಿಸಿ ಕೊಡುತ್ತಾನೆ. ಮಣ್ಣಿನ ಮಡಕೆಗೂ ಹೀಗೇ ನಡೆದಿರಬೇಕು.

ಪೇಟೆಯ ಬೀದಿಗಳು ಅಷ್ಟು ಇಕ್ಕಟ್ಟು, ಎಂ.ಜಿ. ರಸ್ತೆ ಕಡೆ ಅಷ್ಟು ವಿಶಾಲ. ಒಂದೇ ಊರಲ್ಲವೇ?

ಒಂದೇ ಊರಾಗಿದ್ದು ಬಹಳ ತಡವಾಗಿ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಇಲ್ಲಿಗೆ ತಂದು ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವನ್ನು, ಅಂದರೆ ಕಂಟೋನ್ಮೆಂಟನ್ನು, ಬೆಳೆಸಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಬಂದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಎರಡೂ ಕಡೆಗೆ ಬೇರೆ ಬೇರೆ ಪುರಸಭೆ, ಬೇರೆ ಬೇರೆ ಕಾನೂನು. ಎರಡೂ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಪೇಟೆಯ ಬೀದಿಯ ಅಗಲವನ್ನು ಎತ್ತಿನ ಗಾಡಿ, ತಲೆಹೊರೆ, ಎದುರುಬದುರು ಜಗಲಿಗಳ ಮಾತುಕತೆ ನಿರ್ಧರಿಸಿದವು. ದಂಡಿನ ಬೀದಿಯ ಅಗಲವನ್ನು ಸೈನಿಕರ ಸಾಲು ಮತ್ತು ಕುದುರೆ ಸಾರೋಟು ನಿರ್ಧರಿಸಿದವು. ಪೇಟೆಯ ಅಂಗಡಿ ಬೀದಿಗೆ ಮೈಯೊಡ್ಡಿ ಕೂತಿರುತ್ತದೆ. ದಂಡಿನ ದೊಡ್ಡ ಅಂಗಡಿ ಕಂಬಗಳ ಮೊಗಸಾಲೆಯ ಹಿಂದೆ ಒಂದು ಹೆಜ್ಜೆ ಸರಿದು, ಗಾಜಿನ ಮರೆಯಲ್ಲಿ ಕಾಯುತ್ತಿತ್ತು. ಇವತ್ತಿಗೂ ಚಿಕ್ಕಪೇಟೆಯಲ್ಲಿ ನಿಮ್ಮನ್ನು ಕೈಬೀಸಿ ಕರೆಯುತ್ತಾರೆ, ಎಂ.ಜಿ. ರಸ್ತೆಯಲ್ಲಿ ಬಾಗಿಲು ತಳ್ಳಿ ನೀವೇ ಒಳಗೆ ಹೋಗಬೇಕು.

ಸೌತ್ ಪೆರೇಡ್, ಗ್ರಾಂಟ್ ರಸ್ತೆ, ಕ್ಯಾವಲ್ರಿ ರಸ್ತೆ ಎಂದು ಅಜ್ಜ ಹೇಳುತ್ತಿದ್ದರು. ಇವೆಲ್ಲ ಎಲ್ಲಿ ಹೋದವು?

ಎಲ್ಲಿಗೂ ಹೋಗಿಲ್ಲ. ಪೆರೇಡ್ ಮೈದಾನದ ದಕ್ಷಿಣಕ್ಕಿದ್ದ ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಗ್ರಾಂಟ್ ರಸ್ತೆ ಇಂದು ವಿಠ್ಠಲ್ ಮಲ್ಯ ರಸ್ತೆ, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆ, ಬ್ಲಾಕ್‌ಪಲ್ಲಿ ಶಿವಾಜಿನಗರ. ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ, ಆದರೆ ಆಟೋ ಚಾಲಕರಿಗೆ ಹಾಗೆ ಹೇಳಿ ನೋಡಿ. ಊರಿನ ನಾಲಿಗೆಗೆ ಅದರದೇ ಹಟ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು, ಮೈಸೂರು ಬ್ಯಾಂಕ್ ವೃತ್ತ ಮಾತ್ರ ವಿಲೀನವಾಗಿಲ್ಲ.

## ಅಂಗಡಿಯ ಮುಖ

ಶಟರ್ ಬರುವ ಮೊದಲು ಅಂಗಡಿ ಹೇಗೆ ಮುಚ್ಚುತ್ತಿದ್ದರು?

ಹಲಗೆ ಬಾಗಿಲಿನಿಂದ. ಹೊಸ್ತಿಲಲ್ಲಿ ಉದ್ದಕ್ಕೆ ಕೊರೆದ ಒಂದು ತೋಡು, ಮೇಲಿನ ತೊಲೆಯಲ್ಲಿ ಅಂಥದೇ ಇನ್ನೊಂದು. ಅವುಗಳ ನಡುವೆ ಉದ್ದನೆಯ ಹಲಗೆಗಳನ್ನು ಒಂದೊಂದಾಗಿ ನಿಲ್ಲಿಸಿ ಸರಿಸುತ್ತ ಹೋಗಿ, ಕೊನೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗ. ಹಲಗೆಗಳು ಅದಲುಬದಲಾದರೆ ಕೂರುವುದಿಲ್ಲವಾದ್ದರಿಂದ ಒಂದೊಂದಕ್ಕೂ ಅಂಕಿ ಬರೆದಿರುತ್ತಿದ್ದರು. ಬೆಳಿಗ್ಗೆ ಹಲಗೆ ತೆಗೆಯಲು ಹತ್ತು ನಿಮಿಷ, ರಾತ್ರಿ ಜೋಡಿಸಲು ಹತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಅಕ್ಕಪಕ್ಕದವರ ಸುದ್ದಿಯೆಲ್ಲ ವಿನಿಮಯವಾಗುತ್ತಿತ್ತು.

ಅದರ ಮುಂದೆ ಜಗಲಿ. ಗಿರಾಕಿ ಚಪ್ಪಲಿ ಬಿಟ್ಟು ಹತ್ತಿ, ಬಿಳಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದ. ಚಿಕ್ಕಪೇಟೆಯ ಕೆಲವು ಸೀರೆ ಅಂಗಡಿಗಳಲ್ಲಿ ಇದು ಇನ್ನೂ ಉಳಿದಿದೆ. ಗಲ್ಲಾ ಪೆಟ್ಟಿಗೆ, ಅದರ ಹಿಂದೆ ಯಜಮಾನರು, ತಲೆಯ ಮೇಲೆ ಲಕ್ಷ್ಮಿಯ ಪಟ ಮತ್ತು ಸ್ಥಾಪಕರ ಮಾಸಿದ ಭಾವಚಿತ್ರ. ಕಬ್ಬಿಣದ ಸುರುಳಿ ಶಟರ್ ಬಂದ ಮೇಲೆ ಮುಚ್ಚುವುದು ಒಂದು ಎಳೆತದ ಕೆಲಸವಾಯಿತು. ಜಗಲಿ ಹೋಗಿ ಕೌಂಟರ್ ಬಂತು, ಗಿರಾಕಿ ನಿಂತುಕೊಂಡ. ನಿಂತ ಗಿರಾಕಿ ಬೇಗ ಹೊರಡುತ್ತಾನೆ, ಇದು ವ್ಯಾಪಾರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ಪೇಟೆಯಲ್ಲಿ ಎರಡು ಅಭಿಪ್ರಾಯಗಳಿವೆ.

ಬೀದಿಗೆ ವಿದ್ಯುತ್ ದೀಪ ಬಂದದ್ದು ಯಾವಾಗ? ಅದರಿಂದ ಅಂಗಡಿಗಳಿಗೆ ಏನಾಯಿತು?

1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ. ಇಂದಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ದೀಪ ಉರಿಯಿತು. ಅಲ್ಲಿಯವರೆಗೆ ಸಂಜೆ ಎಂದರೆ ಸೀಮೆಎಣ್ಣೆ. ಬೆಳಕು ಬಂದ ಮೇಲೆ ಸಂಜೆಯ ವ್ಯಾಪಾರಕ್ಕೆ ಜೀವ ಬಂತು. ಬಟ್ಟೆಯ ಬಣ್ಣವನ್ನು ಹಗಲಿನಲ್ಲೇ ನೋಡಬೇಕು ಎಂಬ ನಿಯಮ ಮಾತ್ರ ನಮ್ಮ ಹಿರಿಯ ಹೆಂಗಸರಲ್ಲಿ ಸಡಿಲವಾಗಲಿಲ್ಲ. ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುವವರನ್ನು ನಾನು ಹೋದ ತಿಂಗಳೂ ಕಂಡೆ.

ಕೈಯಲ್ಲಿ ಬರೆದ ಬೋರ್ಡುಗಳೆಲ್ಲ ಏನಾದವು?

ಕಂಪ್ಯೂಟರಿನಲ್ಲಿ ಮುದ್ರಿಸಿದ ಫ್ಲೆಕ್ಸ್ ನುಂಗಿತು. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಅಕ್ಷರ ಬರೆಯುವ ಕಲಾವಿದನಿಗೆ ಒಂದು ಬೋರ್ಡು ಎಂದರೆ ಕೆಲವು ದಿನಗಳ ಕೆಲಸ. ಮೊದಲು ನೆಲ ಬಣ್ಣ, ಸೀಮೆಸುಣ್ಣದ ದಾರದಿಂದ ಗೆರೆ, ಆಮೇಲೆ ಅಕ್ಷರ, ಕೊನೆಗೆ ನೆರಳು. ಫ್ಲೆಕ್ಸ್ ಬೆಳಿಗ್ಗೆ ಹೇಳಿದರೆ ಸಂಜೆಗೆ ಸಿದ್ಧ. ಅದರ ಮೇಲೆ ಈಗ ಅಲ್ಯೂಮಿನಿಯಂ ಹಾಳೆಯ ಮುಖವಾಡ, ಅದರಲ್ಲಿ ಎಲ್‌ಇಡಿ ಅಕ್ಷರ. ನಷ್ಟವಾದದ್ದು ಅಂದ ಮಾತ್ರವಲ್ಲ. ಒಬ್ಬೊಬ್ಬ ಕಲಾವಿದನ ‘ಶ್ರೀ’ ಒಂದೊಂದು ಬಗೆ ಇರುತ್ತಿತ್ತು, ಕಂಪ್ಯೂಟರಿನ ‘ಶ್ರೀ’ ಎಲ್ಲ ಬಡಾವಣೆಗಳಲ್ಲೂ ಒಂದೇ.

ಬೋರ್ಡುಗಳಲ್ಲಿ ಈಗ ಕನ್ನಡ ಹೆಚ್ಚಾಗಿ ಕಾಣುತ್ತಿದೆ. ಕಾನೂನಿನಿಂದಲೋ ಅಭಿಮಾನದಿಂದಲೋ?

ಕಾನೂನಿನಿಂದ, ಆ ಕಾನೂನು ಬಂದದ್ದು ಚಳವಳಿಯಿಂದ. ಅಂಗಡಿ ನಾಮಫಲಕದಲ್ಲಿ ಕನ್ನಡ ಇರಬೇಕೆಂಬ ನಿಯಮ ದಶಕಗಳಷ್ಟು ಹಳೆಯದು, ಪಾಲನೆ ಮಾತ್ರ ಸೊನ್ನೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಪ್ರತಿಭಟನೆ ನಡೆಯಿತು, ಇಂಗ್ಲಿಷ್ ಬೋರ್ಡುಗಳು ಒಡೆದವು. 2024ರ ಆರಂಭದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು.

ನನ್ನ ತಕರಾರು ಅಳತೆಯ ಬಗ್ಗೆ ಅಲ್ಲ, ಕಾಗುಣಿತದ ಬಗ್ಗೆ. ಗಡುವಿಗೆ ಹೆದರಿ ರಾತ್ರೋರಾತ್ರಿ ಏರಿಸಿದ ಬೋರ್ಡುಗಳಲ್ಲಿ ಒತ್ತಕ್ಷರ ತಲೆಕೆಳಗಾಗಿ ನೇತಾಡುವುದನ್ನು ಕಂಡಿದ್ದೇನೆ. ‘ಫ್ಯಾಷನ್’ ಎಂಬ ಒಂದು ಪದವನ್ನು ಒಂದೇ ರಸ್ತೆಯಲ್ಲಿ ಐದು ರೀತಿಯಲ್ಲಿ ಓದಬಹುದು. ಹಳೆಯ ಬೋರ್ಡು ಕಲಾವಿದರಿಗೆ ಈಗಲಾದರೂ ಯಾರಾದರೂ ಫೋನು ಮಾಡಬಾರದೇ?

ದರ್ಶಿನಿ ಹೋಟೆಲುಗಳು ಬೀದಿಯನ್ನೇ ಬದಲಾಯಿಸಿದವು ಎನ್ನುತ್ತೀರಿ. ಸ್ವಲ್ಪ ಅತಿಯಾಗಲಿಲ್ಲವೇ?

ಅತಿಯಲ್ಲ. ಹಳೆಯ ಹೋಟೆಲು ಒಳಮುಖ: ಅಮೃತಶಿಲೆಯ ಮೇಜು, ಮರದ ಕುರ್ಚಿ, ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮು’. ಹೊರಗಿನಿಂದ ನೋಡಿದರೆ ಒಂದು ಬಾಗಿಲು, ಒಂದು ಗಲ್ಲಾ, ಅಷ್ಟೇ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಮಾದರಿ ಮುಂದಿನ ಗೋಡೆಯನ್ನೇ ಕಿತ್ತುಹಾಕಿತು. ದೋಸೆ ಹುಯ್ಯುವುದು ಬೀದಿಗೆ ಕಾಣುತ್ತದೆ, ಚೀಟಿ ಪಡೆದು, ತಟ್ಟೆ ಹಿಡಿದು, ಎದೆಮಟ್ಟದ ಮೇಜಿನ ಮುಂದೆ ನಿಂತು ತಿನ್ನಬೇಕು. ಜಾಗ ಸಾಲದಿದ್ದರೆ ಸ್ಕೂಟರಿನ ಸೀಟೇ ಮೇಜು. ಇದರಿಂದ ಚಿಕ್ಕ ಮಳಿಗೆಯಲ್ಲೂ ದೊಡ್ಡ ಹೋಟೆಲು ನಡೆಸಬಹುದಾಯಿತು, ಫುಟ್‌ಪಾತು ಊಟದ ಕೋಣೆಯಾಯಿತು. ಕಚೇರಿಗೆ ಹೊರಟ ಹೆಣ್ಣುಮಗಳೊಬ್ಬಳು ಒಬ್ಬಳೇ ನಿಂತು, ಯಾರ ನೋಟಕ್ಕೂ ಸೊಪ್ಪು ಹಾಕದೆ ಕಾಫಿ ಕುಡಿದು ಹೋಗುವುದು ಈ ಊರಿನಲ್ಲಿ ಸಹಜವಾದದ್ದು ಪರದೆಯ ಕೋಣೆಯಿಂದಲ್ಲ, ಈ ತೆರೆದ ಮುಂಭಾಗದಿಂದ.

## ಕಳೆದುಹೋದವು

ಮೆಜೆಸ್ಟಿಕ್‌ನಲ್ಲಿ ಅಷ್ಟೊಂದು ಚಿತ್ರಮಂದಿರಗಳಿದ್ದವಲ್ಲ, ಏನಾದವು?

ಮೆಜೆಸ್ಟಿಕ್ ಎಂಬ ಹೆಸರೇ ಒಂದು ಚಿತ್ರಮಂದಿರದ್ದು, ಅದೇ ಈಗಿಲ್ಲ. ಸಾಗರ್, ಗೀತಾ, ಹಿಮಾಲಯ ಒಂದೊಂದಾಗಿ ಹೋದವು. 1968ರಲ್ಲಿ ಆರಂಭವಾದ, ಸಾವಿರಕ್ಕೂ ಹೆಚ್ಚು ಆಸನಗಳ ಕಪಾಲಿ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಒಂದು ಪರದೆಗೆ ಅಷ್ಟು ಆಸನ ತುಂಬಿಸುವುದು ಮಲ್ಟಿಪ್ಲೆಕ್ಸ್ ಕಾಲದಲ್ಲಿ ಕಷ್ಟ, ಆ ನೆಲದ ಬೆಲೆಯೋ ಟಿಕೆಟಿನ ಲೆಕ್ಕಕ್ಕೆ ಎಟುಕದು.

ಬೀದಿಯ ದೃಷ್ಟಿಯಿಂದ ನೋಡಿದರೆ ಚಿತ್ರಮಂದಿರ ಒಂದು ಕಟ್ಟಡವಲ್ಲ, ಒಂದು ಗಡಿಯಾರ. ಆಟ ಬಿಟ್ಟಾಗ ಸಾವಿರ ಜನ ಒಮ್ಮೆಲೇ ಹೊರಗೆ ಬರುತ್ತಿದ್ದರು, ಆ ಹೊತ್ತಿಗೆ ಕಡಲೆಕಾಯಿ ಗಾಡಿಯೂ ಬಾಳೆಹಣ್ಣಿನ ಬುಟ್ಟಿಯೂ ಬಾಗಿಲಲ್ಲಿ ಸಿದ್ಧ. ಎರಡನೆಯ ಆಟ ಬಿಡುವವರೆಗೂ ಹೋಟೆಲಿನ ಒಲೆ ಆರುತ್ತಿರಲಿಲ್ಲ. ಮಂದಿರದ ಮುಂದೆ ನಾಯಕನ ಕಟೌಟು, ಅದಕ್ಕೆ ಆಳೆತ್ತರದ ಹಾರ. ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಬಂದರೆ ಜನ ಕಡಿಮೆಯಾಗುವುದಿಲ್ಲ, ಆದರೆ ಒಟ್ಟಿಗೆ ಬರುವುದಿಲ್ಲ, ಒಟ್ಟಿಗೆ ಹೋಗುವುದಿಲ್ಲ. ತಳ್ಳುಗಾಡಿಯವನಿಗೆ ಇದು ದೊಡ್ಡ ವ್ಯತ್ಯಾಸ.

ಎಂ.ಜಿ. ರಸ್ತೆ ಹಾಳಾದದ್ದು ಮೆಟ್ರೋದಿಂದಲೇ ಅಲ್ಲವೇ?

ಅರ್ಧ ಮಾತ್ರ ನಿಜ. ರಸ್ತೆಯ ಉತ್ತರ ಅಂಚಿನ ಮರಗಳ ಸಾಲಿನ ನಡಿಗೆ ದಾರಿ ಮೆಟ್ರೋ ಕಾಮಗಾರಿಗೆ ಬಲಿಯಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಮೊದಲ ರೈಲು ಓಡಿತು, ಬದಲಿಗೆ ಸಿಕ್ಕ ರಂಗೋಲಿ ಕಲಾಕೇಂದ್ರ 2013ರಲ್ಲಿ ತೆರೆಯಿತು. ಆದರೆ ದಕ್ಷಿಣ ಬದಿಯ, ಅದಕ್ಕೆ ಹೊಂದಿದ ಅಕ್ಕಪಕ್ಕದ ಬೀದಿಗಳ ಅಂಗಡಿಗಳ ಕಥೆ ಬೇರೆ. ಇಂಡಿಯಾ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಮಳಿಗೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಪುಸ್ತಕಗಳ ಗೋಪುರಗಳ ನಡುವೆ ಪಕ್ಕವಾಗಿ ನಡೆಯಬೇಕಿದ್ದ ಪ್ರೀಮಿಯರ್ ಬುಕ್‌ಶಾಪ್ ಅದೇ ವರ್ಷ ಮುಚ್ಚಿತು. ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ ಬಾಗಿಲು ಹಾಕಿತು. ಇವಕ್ಕೆಲ್ಲ ಮೆಟ್ರೋ ಕಂಬವನ್ನು ಹೊಣೆ ಮಾಡುವುದು ನಮ್ಮ ಸೋಮಾರಿತನ. ನೆಲದ ಬೆಲೆ, ಗುತ್ತಿಗೆಯ ಅವಧಿ, ಮಾಲೀಕರ ವಯಸ್ಸು, ಇವು ಸದ್ದಿಲ್ಲದೆ ಕೆಲಸ ಮಾಡುತ್ತವೆ.

ಹಳೆಯ ಅಂಗಡಿಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಮುಚ್ಚುತ್ತವೆ. ಏನು ಗುಟ್ಟು?

ನನಗೆ ತಿಳಿದಮಟ್ಟಿಗೆ ಮೊದಲ ಪ್ರಶ್ನೆ ಒಂದೇ: ಕಟ್ಟಡ ಸ್ವಂತದ್ದೋ ಬಾಡಿಗೆಯದ್ದೋ? ಸ್ವಂತದ್ದಾದರೆ ನಷ್ಟವನ್ನೂ ಹಟದಿಂದ ತಡೆದುಕೊಳ್ಳಬಹುದು. ಬಾಡಿಗೆಯದ್ದಾದರೆ ಕಾನೂನು ನೋಡಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಹಳೆಯ ಬಾಡಿಗೆದಾರನನ್ನು ಎಬ್ಬಿಸುವುದು ಸುಲಭವಿರಲಿಲ್ಲ. ಮಳಿಗೆ ಬಿಡಬೇಕಾದರೆ ಹೊಸಬನಿಂದ ಪಗಡಿ, ಅಂದರೆ ಒಂದು ಇಡುಗಂಟು ಹಣ, ಪಡೆಯುವ ರೂಢಿ ಬೆಳೆಯಿತು, ನಮ್ಮವರು ಅದನ್ನು ಗುಡ್‌ವಿಲ್ ಎಂದು ಸೌಮ್ಯವಾಗಿ ಕರೆದರು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಯಾಯಿತು. ಅದು 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಒಂದು ಚಿಕ್ಕ ಕೋಣೆ. ಬೀಗ ರಿಪೇರಿಯವನ ಗೂಡು, ಗಡಿಯಾರದ ಅಂಗಡಿ ಉಳಿದುಕೊಂಡು, ಪಕ್ಕದ ದೊಡ್ಡ ಬಟ್ಟೆಯಂಗಡಿ ಮಾಯವಾದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಅಂಗಡಿಯವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅದನ್ನು ದುರಂತ ಎಂದು ಬರೆಯುವವರು ಅಪ್ಪ ಹನ್ನೆರಡು ಗಂಟೆ ಗಲ್ಲಾದಲ್ಲಿ ಕೂತದ್ದನ್ನು ಕಂಡವರಲ್ಲ.

ನಾವಿದ್ದ ಇಂದಿರಾನಗರದ ಮನೆಯ ಬೀದಿಯಲ್ಲಿ ಈಗ ಒಂದೂ ಮನೆಯಿಲ್ಲ. ಹೀಗೆ ಹೇಗಾಯಿತು?

ರಸ್ತೆಯ ಅಗಲವೇ ಮನೆಗಳಿಗೆ ಮುಳುವಾಯಿತು. ನೂರಡಿ ರಸ್ತೆಯಂಥ ಅಗಲದ ರಸ್ತೆಗಳಿಗೆ ವಾಹನ ಬಂತು, ವಾಹನದ ಹಿಂದೆ ಗಿರಾಕಿ. 2007ರಲ್ಲಿ ಜಾರಿಗೆ ಬಂದ ನಗರದ ಪರಿಷ್ಕೃತ ಮಹಾಯೋಜನೆ (ಮಾಸ್ಟರ್ ಪ್ಲಾನ್) ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ, ಅಂದರೆ ಮನೆಗಳ ನಡುವೆ ಅಂಗಡಿಗೂ, ಎಡೆ ಮಾಡಿಕೊಟ್ಟಿತು. ಗುರುತು ಹಿಡಿಯುವುದು ಸುಲಭ: ಗಾಜಿನ ಮುಂಭಾಗದ ಹಿಂದೆ ಕೆಂಪು ಹೆಂಚಿನ ಮಾಡು, ಕಾರು ಷೆಡ್ಡಿನಲ್ಲಿ ಐಸ್‌ಕ್ರೀಂ ಕೌಂಟರ್, ತುಳಸಿಕಟ್ಟೆ ಇದ್ದಲ್ಲಿ ಜನರೇಟರ್.

## ಆಳದ ಪ್ರಶ್ನೆಗಳು

ಅವೆನ್ಯೂ ರಸ್ತೆಯನ್ನು ಅಗಲ ಮಾಡಿಬಿಟ್ಟರೆ ತೊಂದರೆಯೇ ಇರುವುದಿಲ್ಲವಲ್ಲ?

ರಸ್ತೆ ಇರುತ್ತದೆ, ಅವೆನ್ಯೂ ರಸ್ತೆ ಇರುವುದಿಲ್ಲ. ಅಲ್ಲಿನ ನಿವೇಶನಗಳು ಮುಂಭಾಗದಲ್ಲಿ ಕೆಲವೇ ಅಡಿ ಅಗಲ, ಹಿಂದಕ್ಕೆ ಉದ್ದ. ಮುಂದಿನಿಂದ ಕತ್ತರಿಸುತ್ತ ಹೋದರೆ ಎಷ್ಟೋ ಮಳಿಗೆಗಳಲ್ಲಿ ಉಳಿಯುವುದು ಮೆಟ್ಟಿಲು ಮಾತ್ರ. ಪರಿಹಾರವಾಗಿ ಕೊಡುತ್ತೇವೆಂದ ಟಿಡಿಆರ್, ಅಂದರೆ ಕಳೆದುಕೊಂಡ ಜಾಗಕ್ಕೆ ಬದಲಾಗಿ ಬೇರೆಡೆ ಹೆಚ್ಚು ಕಟ್ಟುವ ಹಕ್ಕಿನ ಪತ್ರ, ನಡುಬೀದಿಯ ಗಿರಾಕಿಗೆ ಬದಲಿಯಾಗದು ಎಂದು ವ್ಯಾಪಾರಿಗಳು ವಿರೋಧಿಸಿದರು. ಅಗಲೀಕರಣ ನಡೆಯಲಿಲ್ಲ. ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಇದ್ದ ಅಗಲದಲ್ಲೇ ರಸ್ತೆಯನ್ನು ಹೊಸದಾಗಿ ಮಾಡಿದರು. ನನ್ನ ಮಟ್ಟಿಗೆ ಅದೇ ಸರಿ.

ಚರ್ಚ್ ಸ್ಟ್ರೀಟಿನಂತೆ ಕಲ್ಲು ಹಾಸಿದರೆ ಬೀದಿ ಉಳಿದಂತಾಯಿತೇ?

ನಡೆಯುವವರಿಗೆ ಖಂಡಿತ ಸುಖ. 2018ರಲ್ಲಿ ಹೊಸ ರೂಪದಲ್ಲಿ ತೆರೆದ ಚರ್ಚ್ ಸ್ಟ್ರೀಟಿನಲ್ಲಿ ಅಂಗಡಿಯ ಕಿಟಕಿ ನೋಡುತ್ತ ನಡೆಯಬಹುದು, ಮೊದಲು ಕಣ್ಣು ಚರಂಡಿಯ ಹಾಸುಗಲ್ಲಿನ ಮೇಲೇ ಇರಬೇಕಿತ್ತು. ಆದರೆ ಚೆಂದವಾದ ಬೀದಿಗೆ ಬಾಡಿಗೆ ಏರುತ್ತದೆ, ಏರಿದ ಬಾಡಿಗೆಯನ್ನು ಕಟ್ಟಬಲ್ಲವರು ಹೋಟೆಲು, ಪಬ್ಬಿನವರು. ಅಲ್ಲಿ ಹಳೆಯ ಪುಸ್ತಕದಂಗಡಿಗಳು ಇನ್ನೂ ಗಟ್ಟಿಯಾಗಿ ನಿಂತಿರುವುದು ನನಗೆ ನಿಜವಾದ ಅಚ್ಚರಿ.

ಹಳೆಯ ಬೀದಿಯ ಫೋಟೋ ಸಿಕ್ಕಿದೆ. ಯಾವ ಕಾಲದ್ದೆಂದು ಹೇಗೆ ಹೇಳುವುದು?

ಕಟ್ಟಡ ಬಿಡಿ, ಬೋರ್ಡಿನ ಸಣ್ಣ ಅಕ್ಷರ ಓದಿ. ‘ಸೌತ್ ಪೆರೇಡ್’ ಎಂದಿದ್ದರೆ ಬೋರ್ಡು 1948ಕ್ಕಿಂತ ಹಿಂದಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗಿಂತ ಮೊದಲಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ‘ಬೆಂಗಳೂರು 2’ ಎಂಬಂಥ ಒಂಟಿ ಅಂಕಿ ಹಳೆಯ ಪದ್ಧತಿ. ಹಳದಿ ಬಣ್ಣದ ಎಸ್‌ಟಿಡಿ ಬೋರ್ಡು ಕಂಡರೆ 1990ರ ದಶಕದ ಸುತ್ತಮುತ್ತ. ಜಿಎಸ್‌ಟಿ ಸಂಖ್ಯೆ ಇದ್ದರೆ 2017ರ ಜುಲೈ ನಂತರ.

ಒಂದು ಎಚ್ಚರ. ಈ ಗುರುತುಗಳು ಬೋರ್ಡಿನ ವಯಸ್ಸು ಹೇಳುತ್ತವೆ, ಫೋಟೋದ್ದಲ್ಲ. ಬೋರ್ಡು ನಲವತ್ತು ವರ್ಷ ಅಲ್ಲೇ ತೂಗಿರಬಹುದು. ನಾನೊಮ್ಮೆ ಒಂದು ಚಿತ್ರವನ್ನು 1950ರ ದಶಕದ್ದೆಂದು ನೆಂಟರ ಮುಂದೆ ಜಂಬದಿಂದ ವಿವರಿಸಿದೆ. ಸುಮ್ಮನೆ ಕೇಳುತ್ತಿದ್ದ ಅತ್ತೆಯವರು ಮೂಲೆಯಲ್ಲಿದ್ದ ಸ್ಕೂಟರನ್ನು ತೋರಿಸಿ, “ಇದು ನಿಮ್ಮ ಮಾವನವರ ಲ್ಯಾಂಬ್ರೆಟ್ಟಾ, ನಮ್ಮ ಮದುವೆಯಾದ ಮೇಲೆ ಕೊಂಡದ್ದು” ಎಂದರು. ಅವರ ಮದುವೆಯಾದದ್ದು 1969ರಲ್ಲಿ.

ಹಳೆಯ ಪೇಟೆಯನ್ನು ಒಮ್ಮೆಗೇ ಅರ್ಥ ಮಾಡಿಕೊಳ್ಳಲು ಯಾವಾಗ ಬರಬೇಕು?

ಎರಡು ಹೊತ್ತು. ಒಂದು, ಭಾನುವಾರ ಬೆಳಿಗ್ಗೆ ಏಳಕ್ಕೆ. ಶಟರುಗಳು ಇಳಿದಿರುತ್ತವೆ, ಸರಕಿಲ್ಲದ ಬೀದಿಯ ಎಲುಬು ಕಾಣುತ್ತದೆ. ಆಗ ಬೋರ್ಡಿನ ಮೇಲಕ್ಕೆ ನೋಡಿ. ಕೆಳಗಿನ ಅಂತಸ್ತು ಇವತ್ತಿನ ಬಾಡಿಗೆಯದ್ದು, ಮೇಲಿನದು ಕಟ್ಟಿಸಿದವರದ್ದು: ಗಾರೆಯ ಹೂಬಳ್ಳಿ, ಮರದ ಜಾಲರಿ, ಇಸವಿ ಕೆತ್ತಿದ ಕಲ್ಲು, ಎಷ್ಟೋ ಕಡೆ ಮೊದಲ ಅಂಗಡಿಯ ಹೆಸರು ಕೂಡ.

ಇನ್ನೊಂದು, ಚೈತ್ರ ಹುಣ್ಣಿಮೆಯ ರಾತ್ರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಬೆಳಗಾಗುವವರೆಗೆ ಪೇಟೆಯನ್ನು ಸುತ್ತುತ್ತದೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ವಾಹನವಿಲ್ಲದೆ, ಜಗಲಿ ಮೆಟ್ಟಿಲುಗಳ ಮೇಲೆ ಜನ ಕಾದು ಕೂತಿರುವುದನ್ನು ನೋಡಿದರೆ ಈ ಬೀದಿಗಳನ್ನು ಯಾವ ಅಳತೆಗೆ ಹಾಕಿದ್ದರೆಂದು ತಿಳಿಯುತ್ತದೆ.

ನಮ್ಮ ಬೀದಿಯನ್ನು ನಾವೇ ದಾಖಲಿಸಬೇಕೆಂದಿದ್ದೇವೆ. ಹೇಗೆ ಶುರು ಮಾಡುವುದು?

ವರ್ಷಕ್ಕೊಮ್ಮೆ, ಒಂದೇ ದಿನ, ಒಂದೇ ಜಾಗದಲ್ಲಿ ನಿಂತು ಎರಡೂ ಬದಿಯ ಫೋಟೋ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಳಿಗೆಗೆ ಒಂದು ಸಾಲು: ಏನು ಮಾರುತ್ತಾರೆ, ಯಾವಾಗಿನಿಂದ, ಮೊದಲು ಅಲ್ಲಿ ಏನಿತ್ತು. ಮೂರನೆಯದನ್ನು ಮಾಲೀಕರನ್ನು ಕೇಳಬೇಡಿ, ಬೀದಿಯ ಟೀ ಅಂಗಡಿಯವರನ್ನು, ಹೂವಿನವರನ್ನು ಕೇಳಿ, ಅವರಿಗೆ ಎಲ್ಲರ ಇತಿಹಾಸ ಗೊತ್ತಿರುತ್ತದೆ. ಅಂಚೆಯಣ್ಣನಿದ್ದರೆ ಇನ್ನೂ ಒಳ್ಳೆಯದು. ಬಾಡಿಗೆಯ ಮೊತ್ತ ಕೇಳಬೇಡಿ, ಕೇಳಿದರೆ ಮುಂದಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಬೋರ್ಡು ಬದಲಾಯಿಸುವ ದಿನ ಅಲ್ಲಿರುವುದಾದರೆ ಹಳೆಯದನ್ನು ಏನು ಮಾಡುತ್ತೀರೆಂದು ಕೇಳಿ. ಹೆಚ್ಚಿನವು ಗುಜರಿಗೆ ಹೋಗುತ್ತವೆ. ನಮ್ಮ ಬೀದಿಯ ಟೈಲರ್ ಅಂಗಡಿಯ ತಗಡಿನ ಬೋರ್ಡು ಮಾತ್ರ ಈಗ ಮೂಲೆಯ ಹೂವಿನ ಗಾಡಿಗೆ ಚಾವಣಿಯಾಗಿದೆ. ಕೆಳಗೆ ನಿಂತು ತಲೆಯೆತ್ತಿದರೆ ‘ಸೂಟು ಸ್ಪೆಷಲಿಸ್ಟ್’ ಎಂದು ಓದಬಹುದು.